ಪೋಲು ಎಲ್ಲಿ ಆಗುತ್ತಿದೆ ಎಂದು ಹುಡುಕಿದ ಸರ್ ಎಂ.ವಿ.



ಸರ್ ಎಂ. ವಿಶ್ವೇಶ್ವರಯ್ಯ ಎಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಅವರ ಕೆಲಸ ನಮ್ಮ ಹೈದರಾಬಾದ್ ಸೀಮೆಗೂ ಆಸರೆಯಾಗಿದೆ. ಸೆಪ್ಟೆಂಬರ್ 15, ಅವರ ಜನ್ಮದಿನ, ಎಂಜಿನಿಯರುಗಳ ದಿನವೂ ಹೌದು.

ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆ ಸೀಮೆಯ ನೀರಾ ಕಾಲುವೆಯಲ್ಲಿ ನೀರು ಸಾಲದೆಂಬ ದೂರಿತ್ತು. ಅವರು ನೀರು ಹೊರಟಲ್ಲಿಂದ ಹೊಲ ಮುಟ್ಟುವವರೆಗಿನ ದಾರಿಯನ್ನು ಪರಿಶೀಲಿಸಿದರು. ಅಲ್ಲೊಂದು ಇಲ್ಲೊಂದು ಹೊಲಕ್ಕೆ ಹರಿಸುವುದರಿಂದ ನೀರು ದಾರಿಯಲ್ಲೇ ಇಂಗುತ್ತಿತ್ತು. 1899ರಲ್ಲಿ ಬ್ಲಾಕ್ ಪದ್ಧತಿ ತಂದರು: ಹೊಲಗಳನ್ನು ಒಟ್ಟುಗೂಡಿಸಿ, ಕಬ್ಬು, ಭತ್ತ, ಒಣಬೆಳೆಗಳನ್ನು ಸರದಿಯಲ್ಲಿ ಬೆಳೆಯುವ ವ್ಯವಸ್ಥೆ. ಮೊದಲು ಅನುಮಾನಪಟ್ಟ ರೈತರು ಬಳಿಕ ಒಪ್ಪಿದರು. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಕೋಡಿ ಹರಿದು ಹೋಗುತ್ತಿದ್ದ ನೀರನ್ನು ಸ್ವಯಂಚಾಲಿತ ಬಾಗಿಲುಗಳಿಂದ ತಡೆದರು. ಅಣೆಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಮರುವರ್ಷ ಇವರನ್ನು ಕರೆಸಿತು. ಅವರು ಊರಿನೊಳಗಿನ ನದಿಯನ್ನಷ್ಟೇ ನೋಡಲಿಲ್ಲ. ಮಳೆ ಎಲ್ಲಿ ಬಿತ್ತು, ಯಾವ ಕೆರೆ ಒಡೆಯಿತು ಎಂದು ಮೇಲಿನವರೆಗೆ ಲೆಕ್ಕ ಹಾಕಿದರು. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನಗರಕ್ಕಿಂತ ಮೇಲೆಯೇ ಪ್ರವಾಹವನ್ನು ಹಿಡಿದಿಡಬೇಕೆಂದು ಸಲಹೆಯಿತ್ತರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹಾಗೆ ಎದ್ದವು. ತಾಂಡೂರಿನವರು ಹೈದರಾಬಾದಿಗೆ ಹೋಗುವಾಗ ಹತ್ತಿರದಲ್ಲೇ ಸಿಗುವ ಅನಂತಗಿರಿ ಬೆಟ್ಟದಲ್ಲೇ ಮೂಸಿ ಹುಟ್ಟುತ್ತದೆ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. 1923ರಲ್ಲಿ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನಿಲ್ಲುವಂತೆ ಮಾಡಿದರು. ಅದಕ್ಕೆ ಬಂದ ಸಂಭಾವನೆ ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಗೆ ಹೋಯಿತು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ನಮ್ಮ ಬಂಧುಗಳು ತೊಗರಿಬೇಳೆ ಮಿಲ್ಲು, ಬಂಡೆ ಪಾಲಿಶ್ ಘಟಕ, ಅಂಗಡಿ ನಡೆಸುತ್ತಿದ್ದಾರೆ. ಸರಕು ಬಂದಲ್ಲಿಂದ ಗಿರಾಕಿಯ ಕೈಸೇರುವವರೆಗಿನ ಹಂತಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಕಾಯುತ್ತದೆ, ಎಲ್ಲಿ ಚೆಲ್ಲುತ್ತದೆ, ಎಲ್ಲಿ ಎರಡು ಸಲ ಹೊರುತ್ತೇವೆ ಎಂದು ಗುರುತಿಸಿ. ಕೆಲಸ ಮಾಡುವ ಕೂಲಿಗಳನ್ನೂ ಕೇಳಿ. ಪೋಲಾಗುವ ಜಾಗ ಅವರಿಗೆ ಮೊದಲು ಗೊತ್ತಿರುತ್ತದೆ.