ಗುಬ್ಬಿ ವೀರಣ್ಣನವರು ಕೋರ್ ಮುಟ್ಟಿದ್ದು ಯಾವಾಗ?

ತುಮಕೂರಲ್ಲಿ ಓದೋ ನಮಗೆಲ್ಲ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರ ಗೊತ್ತು. ಆದ್ರೆ ವೀರಣ್ಣನವರು ಯಾರು ಅಂದ್ರೆ ನಾಟಕದವರು ಅಂತಷ್ಟೇ ಹೇಳಿ ಸುಮ್ಮನಾಗ್ತೀವಿ. ಅವರ ಜೀವನ ಓದುವಾಗ ನನಗೆ ನೆನಪಾಗಿದ್ದು ಓಪನ್ ಸೋರ್ಸ್. ಬಹಳ ಜನ ನಂಬಿಕೊಂಡಿರೋ ಸಾಫ್ಟ್‌ವೇರ್‌ನಲ್ಲಿ ಕೋರ್ ಕೋಡನ್ನ ಯಾವಾಗ, ಯಾಕೆ ಬದಲಾಯಿಸಬೇಕು? ಹೆಚ್ಚುಕಡಿಮೆ ಇದೇ ಪ್ರಶ್ನೆ ಅವರಿಗೂ ಎದುರಾಗಿತ್ತು.

1884ರಲ್ಲಿ ಗುಬ್ಬಿಯ ಕೆಲವರು ಸೇರಿ ಊರಿನ ಚನ್ನಬಸವೇಶ್ವರನ ಹೆಸರಲ್ಲಿ ನಾಟಕ ಕಂಪನಿ ಕಟ್ಟಿದರು. 1891ರಲ್ಲಿ ಹುಟ್ಟಿದ ವೀರಣ್ಣನವರು ಆರನೇ ವಯಸ್ಸಿಗೇ ಬಾಲನಟರಾಗಿ ಅದನ್ನ ಸೇರಿದರು. ಮುಂದೆ ಮಾಲೀಕರೇ ಆದರು. ಆದರೂ ಹಾಸ್ಯಪಾತ್ರ ಬಿಡಲಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು.

ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂದ 1934ರಲ್ಲೇ ಅವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನ ರಂಗಕ್ಕೆ ತಂದರು. ಜನ ಬೆರಗಾದರು. ಆದ್ರೆ ಇದು ಪ್ಲಗಿನ್ ಥರ. ಬೇಡ ಅಂದ್ರೆ ಆನೆ ತೆಗೀಬಹುದು, ಪುರಾಣದ ಕಥೆ, ಹಾಡು, ಹಾಸ್ಯ ಹಾಗೇ ಇರುತ್ತೆ.

ಹೆಣ್ಣಿನ ಪಾತ್ರದ ವಿಷಯ ಹಾಗಲ್ಲ. ಆಗ ಕಂಪನಿಗಳಲ್ಲಿ ಅದನ್ನ ಗಂಡಸರು, ಹುಡುಗರೇ ಮಾಡ್ತಿದ್ದರು. ಹುಡುಗನ ದನಿ ಒಡೆದರೆ ಪಾತ್ರವೇ ಹೋಯ್ತು. ಎಷ್ಟು ಬಣ್ಣ ಹಚ್ಚಿದರೂ, ಎಂಥ ಸೀರೆ ಉಡಿಸಿದರೂ ಅದು ಸರಿಹೋಗಲ್ಲ. ಇತ್ತ ರಂಗದ ಮೇಲೆ ಬರೋ ಹೆಣ್ಣುಮಕ್ಕಳನ್ನ ಸಮಾಜ ಕೀಳಾಗಿ ನೋಡ್ತಿತ್ತು. ಜನ ಟಿಕೆಟ್ ತಗೊಳ್ಳದಿದ್ದರೆ ಕಂಪನಿ ನಂಬಿದ ಸಂಸಾರಗಳಿಗೆ ಊಟವಿಲ್ಲ. ಆದರೂ ವೀರಣ್ಣನವರು ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದರು. ಅವರ ಪತ್ನಿ ಬಿ. ಜಯಮ್ಮ ದೊಡ್ಡ ನಟಿಯಾಗಿ ಬೆಳೆದರು.

ನಮ್ಮ ಕೆಲಸದಲ್ಲೂ ಹೀಗಾಗುತ್ತೆ. ‘ಕ್ಷ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಮೂರು ಕೋಡ್ ಪಾಯಿಂಟ್. ಒಂದು ಅಕ್ಷರಕ್ಕೆ ಒಂದೇ ಕೋಡ್ ಅಂತ ಕೋರ್ ನಂಬಿಕೊಂಡಿದ್ದರೆ ಉದ್ದದ ಹೆಸರನ್ನ ಕತ್ತರಿಸುವಾಗ ಒತ್ತಕ್ಷರ ಒಡೆಯುತ್ತೆ. ಹೊಸ ಥೀಮ್ ಹಾಕಿದ್ರೆ ಇದು ಸರಿಹೋಗಲ್ಲ, ಕೋರನ್ನೇ ತಿದ್ದಬೇಕು. ಬಣ್ಣ ಇಷ್ಟ ಆಗಲಿಲ್ಲ ಅಂತ ಮಾತ್ರ ಕೋರ್ ಮುಟ್ಟಬಾರದು.

1954ರಲ್ಲಿ ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ ಸಿನಿಮಾದ ನಿರ್ಮಾಣದಲ್ಲೂ ವೀರಣ್ಣನವರಿದ್ದರು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ ಈ ಕಾಲದ ಹೆಸರಾಂತ ರಂಗನಟಿ. ಅಜ್ಜ ಅವತ್ತು ಹಳೇ ಪದ್ಧತಿಯನ್ನೇ ಉಳಿಸಿಕೊಂಡಿದ್ದರೆ, ಆ ಕಂಪನಿಯಲ್ಲಿ ಮೊಮ್ಮಗಳಿಗೆ ಪಾತ್ರವೇ ಇರ್ತಿರಲಿಲ್ಲ.