ಸೌಮ್ಯತೆಯ ಸಂತ ಫ್ರಾನ್ಸಿಸ್ ಸಾಲೆಸ್

ದೇವಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ನಾವು ಮನೆಗೆ ಬಂದೊಡನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸಿಡುಕುವುದಿಲ್ಲವೇ? ಪೂಜೆ ಮುಗಿಸಿ ಹೊರಬರುತ್ತಲೇ ನೆರೆಮನೆಯವರ ಉಡುಗೆ ತೊಡುಗೆಯ ಮಾತೆತ್ತುವುದಿಲ್ಲವೇ? ಭಕ್ತಿಗೂ ನಡೆನುಡಿಗೂ ಸಂಬಂಧವಿಲ್ಲವೆಂಬಂತೆ ಬಾಳುವವರಿಗೆ ನಾನೂರು ವರ್ಷಗಳ ಹಿಂದೆಯೇ ಧರ್ಮಾಧ್ಯಕ್ಷರೊಬ್ಬರು ತಮ್ಮ ಬಾಳಿನಿಂದ ಉತ್ತರ ಕೊಟ್ಟರು. ಅವರೇ ಸಂತ ಫ್ರಾನ್ಸಿಸ್ ಸಾಲೆಸ್.

1567ರ ಆಗಸ್ಟ್ 21ರಂದು ಸವಾಯ್ ಪ್ರಾಂತ್ಯದ ಕುಲೀನ ಮನೆತನವೊಂದರಲ್ಲಿ ಅವರು ಹುಟ್ಟಿದರು. ಆ ಊರು ಇಂದು ಫ್ರಾನ್ಸಿಗೆ ಸೇರಿದೆ. ಮಗ ವಕೀಲನಾಗಲೆಂಬುದು ತಂದೆಯ ಆಸೆ. ಫ್ರಾನ್ಸಿಸ್ ಪ್ಯಾರಿಸ್ಸಿನಲ್ಲಿಯೂ ಇಟಲಿಯ ಪಾದುವಾದಲ್ಲಿಯೂ ಓದಿ ಕಾನೂನು ಪದವಿ ಪಡೆದರು. ಆದರೆ 1593ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು.

ಅವರು ಹುಟ್ಟು ಸಾಧುಗಳೆಂದು ತಿಳಿಯಬೇಡಿ. ಮುಂಗೋಪ ಅವರ ಸ್ವಭಾವದಲ್ಲೇ ಇತ್ತು. ಅದರೊಡನೆ ವರ್ಷಗಟ್ಟಲೆ ಹೋರಾಡಿ ಅವರು ಸೌಮ್ಯತೆಯನ್ನು ಗಳಿಸಿಕೊಂಡರು.

1594ರಲ್ಲಿ ಕ್ಯಾಲ್ವಿನ್ ಪಂಥದವರೇ ತುಂಬಿದ್ದ ಶಾಬ್ಲೆ ಪ್ರದೇಶಕ್ಕೆ ಅವರು ಹೋದಾಗ ಪ್ರಬೋಧನೆ ಕೇಳಲು ಬಂದವರು ಬಹಳ ಕಡಿಮೆ. ಫ್ರಾನ್ಸಿಸ್ ಅವರನ್ನು ಹಳಿಯಲಿಲ್ಲ. ಹೇಳಬೇಕಾದುದನ್ನು ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸಿದರು. 1923ರಲ್ಲಿ ಹನ್ನೊಂದನೇ ಭಕ್ತಿನಾಥ ಪೋಪರು ಅವರನ್ನು ಪತ್ರಕರ್ತರ ಪಾಲಕ ಸಂತರೆಂದು ಸಾರಿದರು.

1602ರಲ್ಲಿ ಅವರು ಜಿನೀವಾದ ಧರ್ಮಾಧ್ಯಕ್ಷರಾದರು. ಆ ನಗರ ಕ್ಯಾಲ್ವಿನ್ ಪಂಥದವರ ವಶದಲ್ಲಿದ್ದುದರಿಂದ ಆನ್ಸಿ ಪಟ್ಟಣದಲ್ಲಿ ನೆಲೆಸಿದರು. ಕಿವಿ ಕೇಳದ, ಮಾತು ಬಾರದ ಮಾರ್ಟಿನ್ ಎಂಬವನಿಗೆ ಕೈಸನ್ನೆಗಳಿಂದಲೇ ಧರ್ಮೋಪದೇಶ ಕಲಿಸಿ ಪರಮಪ್ರಸಾದಕ್ಕೆ ಸಿದ್ಧಗೊಳಿಸಿದರು. ಎದುರಿಗಿರುವವನ ಭಾಷೆಗೆ ತಾನು ಇಳಿದು ಬರುವುದೇ ಅವರ ರೀತಿ.

ಸಂಸಾರಸ್ಥರಿಗಾಗಿ ಅವರು ಬರೆದ ‘ಭಕ್ತಿಜೀವನಕ್ಕೆ ಪ್ರವೇಶ’ 1609ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರಾರ್ಥನೆಯ ಜೊತೆಗೆ ಉಡುಪು, ಸಂಭಾಷಣೆ, ಗೆಳೆತನ, ಆಟಪಾಟಗಳಿಗೂ ಅಧ್ಯಾಯಗಳಿವೆ! ಆಡಂಬರ ಸಲ್ಲದು, ಆದರೆ ಕೊಳಕಾಗಿ ನಾಲ್ವರ ನಡುವೆ ಹೋಗುವುದೂ ಆ ನಾಲ್ವರಿಗೆ ಅಗೌರವವೆಂದು ಅವರ ಮತ. ನಗೆಚಾಟಿಕೆಯನ್ನು ಒಪ್ಪಿದರು, ಪರರನ್ನು ಹೀಯಾಳಿಸುವುದನ್ನು ಒಪ್ಪಲಿಲ್ಲ. ಮೊದಲು ಹೊಗಳಿ ಆಮೇಲೆ ಚಾಡಿ ಹೇಳುವವರನ್ನು ಅತಿ ಅಪಾಯಕಾರಿಗಳೆಂದು ಎಣಿಸಿದರು. ನಮ್ಮಲ್ಲಿ ಎಷ್ಟು ಮಂದಿಗೆ ಈ ಮಾತು ತಟ್ಟದು?

1604ರಲ್ಲಿ ನಾಲ್ಕು ಮಕ್ಕಳ ತಾಯಿ, ವಿಧವೆ ಜೇನ್ ಶಾಂತಾಲ್ ಅವರ ಮಾರ್ಗದರ್ಶನ ಕೋರಿದರು. ಹಿಂದಿನ ಗುರುಗಳ ಕಾಲದಲ್ಲಿ ಆಕೆ ಕೆಲವು ಹೊತ್ತು ಪ್ರಾರ್ಥಿಸಿದರೂ ಮನೆಮಂದಿಗೆಲ್ಲ ತೊಂದರೆಯಾಗುತ್ತಿತ್ತು. ಈಗ ದಿನವಿಡೀ ಪ್ರಾರ್ಥಿಸಿದರೂ ಯಾರಿಗೂ ತೊಂದರೆಯಿಲ್ಲವೆಂದು ಮನೆಯ ಆಳುಗಳು ಆಡಿಕೊಂಡರಂತೆ. ನಿಜವಾದ ಭಕ್ತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಇವರಿಬ್ಬರೂ ಸೇರಿ 1610ರಲ್ಲಿ ಆನ್ಸಿಯಲ್ಲಿ ವಿಸಿಟೇಷನ್ ಕನ್ಯಾಸ್ತ್ರೀ ಸಭೆಯನ್ನು ಸ್ಥಾಪಿಸಿದರು.

1622ರ ಡಿಸೆಂಬರ್ 28ರಂದು ಲಿಯೋನ್ ನಗರದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. 1665ರಲ್ಲಿ ಸಂತ ಪದವಿ ದೊರೆಯಿತು. ನಮ್ಮ ನಾಡಿನಲ್ಲಿ ಡಾನ್ ಬೋಸ್ಕೊ ಸಂಸ್ಥೆಗಳನ್ನು ನಡೆಸುವ ಸಲೇಷಿಯನ್ ಗುರುಗಳಿಗೆ ಆ ಹೆಸರು ಬಂದದ್ದು ಇವರಿಂದಲೇ. ಹಬ್ಬ ಜನವರಿ 24.

ನಮ್ಮ ಭಕ್ತಿಯನ್ನು ದೇವರು ಬಲ್ಲರು. ಆದರೆ ಅದರ ರುಚಿಯನ್ನು ಮೊದಲು ಕಾಣಬೇಕಾದವರು ನಮ್ಮೊಡನೆ ಊಟಕ್ಕೆ ಕುಳಿತವರು. ಇಂದು ಮನೆಯಲ್ಲಿ ಒಂದು ಬಿರುಸು ಮಾತನ್ನು ನುಂಗಿಕೊಳ್ಳೋಣ, ಅಲ್ಲಿಂದಲೇ ಆರಂಭಿಸೋಣ.