ಗಾಜನೂರಿನ ಮುತ್ತುರಾಜ

ಚಾಮರಾಜನಗರದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಗಡಿ ದಾಟಿದ ಮೇಲೂ ಹೊಲದಲ್ಲಿ, ಅಂಗಡಿಯಲ್ಲಿ, ಗುಡಿಯ ಮುಂದೆ ಕಿವಿಗೆ ಬೀಳುವುದು ಕನ್ನಡವೇ. ಸರಕಾರಿ ಫಲಕಗಳು ಮಾತ್ರ ತಮಿಳಾಗುತ್ತವೆ. ಇದು ತಾಳವಾಡಿ ಬೆಟ್ಟಸೀಮೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಇಲ್ಲಿಗೆ ಬರಬೇಕು. ಮನೆಯ ಭಾಷೆ ಒಂದು, ಆಡಳಿತದ ಭಾಷೆ ಮತ್ತೊಂದು ಎಂಬ ಸ್ಥಿತಿಯನ್ನು ಕಾಸರಗೋಡಿನ ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಯ ದೊಡ್ಡಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಗಂಡುಮಗುವಿಗೆ ಮುತ್ತುರಾಜನೆಂದು ಹೆಸರಾಯಿತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ಈ ಮಗುವೇ ಮುಂದೆ ಡಾ. ರಾಜಕುಮಾರ್ ಎನಿಸಿದ್ದು. ಅವರ ನಟನೆಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾವು ಹೇಳಹೊರಟಿರುವುದು ಅವರ ಕಲಿಕೆಯ ಕಥೆ.

ಪುಟ್ಟಸ್ವಾಮಯ್ಯನವರು ನಾಟಕದ ನಟರು. ಕಂಪೆನಿಯ ಬಿಡಾರ ಇಂದು ಒಂದೂರಲ್ಲಿ, ಮೂರು ತಿಂಗಳಾದ ಮೇಲೆ ಇನ್ನೊಂದೂರಲ್ಲಿ. ಮನೆಯಲ್ಲಿ ಬಡತನ. ಇಂಥ ಮನೆಯ ಹುಡುಗನಿಗೆ ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಕುಳಿತು ಓದುವ ಭಾಗ್ಯವೆಲ್ಲಿ? ಪ್ರಾಥಮಿಕ ಶಾಲೆಯ ಕೆಲವೇ ತರಗತಿಗಳಿಗೆ ಓದು ನಿಂತಿತು. ಹುಡುಗ ದಡ್ಡನಾಗಿದ್ದನೆಂದು ಯಾರೂ ಹೇಳುವಂತಿಲ್ಲ. ಅಲೆಯುವವರ ಮಕ್ಕಳಿಗೆ ಅಂದಿನ ಶಾಲೆಯಲ್ಲಿ ಜಾಗವಿರಲಿಲ್ಲ, ಅಷ್ಟೆ.

ಜಾಗ ಕೊಟ್ಟದ್ದು ಗುಬ್ಬಿ ವೀರಣ್ಣನವರ ಕಂಪೆನಿ. ತಂದೆಯ ಜೊತೆಗೆ ಬಾಲ್ಯದಲ್ಲೇ ಅಲ್ಲಿ ಸೇರಿಕೊಂಡ ಮುತ್ತುರಾಜನಿಗೆ ಪುಟ್ಟ ಪಾತ್ರಗಳು ಸಿಕ್ಕಿದವು. ಕಂಪೆನಿಯಲ್ಲಿ ಪಾಠ ಪುಸ್ತಕದಿಂದ ಆರಂಭವಾಗುತ್ತಿರಲಿಲ್ಲ. ಹಾರ್ಮೋನಿಯಂ ಮುಂದೆ ಕುಳಿತು ಹಾಡಬೇಕು. ಹಿರಿಯರು ಆಡಿದ ಮಾತನ್ನು ಕೇಳಿ, ಹಾಗೆಯೇ ಆಡಿ ತೋರಿಸಬೇಕು. ನಾಲಗೆ ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು. ರಾಮನ ಕಥೆ, ಪ್ರಹ್ಲಾದನ ಕಥೆ ಮಗುವಿಗೆ ಹೊಸತೇನೂ ಅಲ್ಲ. ಹರಿಕಥೆಯಲ್ಲಿ, ಮಾದೇಶ್ವರನ ಕಂಸಾಳೆಯವರ ಹಾಡಿನಲ್ಲಿ ಕಿವಿ ಆಗಲೇ ಪಳಗಿರುತ್ತಿತ್ತು. ಗೊತ್ತಿದ್ದುದರಿಂದ ಹೊರಟು ಗೊತ್ತಿಲ್ಲದುದಕ್ಕೆ ಹೋಗುವ ಈ ಕ್ರಮವನ್ನು ಇಂದು ಶಿಶುಶಿಕ್ಷಣದ ಪಂಡಿತರು ದೊಡ್ಡ ತತ್ತ್ವವಾಗಿ ಹೇಳುತ್ತಿದ್ದಾರೆ. ಕಂಪೆನಿಯವರು ಅದನ್ನು ಹೆಸರಿಲ್ಲದೆಯೇ ನಡೆಸಿಕೊಂಡು ಬಂದಿದ್ದರು. ಕಿವಿ ಮಂದವಾಗಿದ್ದ ಬಾಲಕೃಷ್ಣ ಅವರಂಥವರೂ ರಂಗಭೂಮಿಯಲ್ಲೇ ಬೆಳೆದು ಕನ್ನಡದ ಮೇಲ್ಮಟ್ಟದ ನಟರಾದರು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಕಂಪೆನಿಯನ್ನು ನಾವು ಗುರುಕುಲವೆಂದು ಹೊಗಳುವುದಿಲ್ಲ. ಅಲ್ಲಿ ಸಂಬಳ ಅಲ್ಪ, ನಿದ್ದೆ ಅದಕ್ಕಿಂತ ಅಲ್ಪ. ಹೀಗೆ ಶಾಲೆ ಬಿಟ್ಟು ಬಣ್ಣ ಹಚ್ಚಿದ ನೂರಾರು ಮಕ್ಕಳ ಹೆಸರು ಯಾರಿಗೂ ನೆನಪಿಲ್ಲ. ಒಬ್ಬ ರಾಜಕುಮಾರ್ ಆದರೆಂದು ಉಳಿದವರ ಲೆಕ್ಕ ತಪ್ಪುವುದಿಲ್ಲ.

1951ರಲ್ಲಿ ತಂದೆ ತೀರಿಕೊಂಡರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದು ಮುತ್ತುರಾಜ ರಾಜಕುಮಾರರಾದರು. ಮುಂದಿನದು ಎಲ್ಲರಿಗೂ ಗೊತ್ತು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟು ನೀಡಿತು, ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, 1995ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು.

ಈ ನಡುವೆ 1956ರ ನವೆಂಬರ್ 1 ಬಂದು ಹೋಗಿತ್ತು. ಅಲ್ಲಿಯವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಅದೇ ಮದರಾಸಿನ ದಕ್ಷಿಣ ಕನ್ನಡದಲ್ಲಿ ನಮ್ಮ ಕಾಸರಗೋಡಿತ್ತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಇದ್ದಲ್ಲೇ ಉಳಿಯಿತು. ನಾವು ಕೇರಳಕ್ಕೆ ಬಂದೆವು. ಕನ್ನಡದ ಮೇರುನಟನ ಹುಟ್ಟೂರು ಕನ್ನಡ ರಾಜ್ಯದ ಹೊರಗೆ ಉಳಿಯಿತು.

1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಚಳವಳಿ ಎದ್ದಿತು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬುದು ಅದರ ತಿರುಳು. ಸಾಹಿತಿಗಳು ಹೊತ್ತಿಸಿದ ಕಿಡಿ ರಾಜಕುಮಾರ್ ಬಂದ ಮೇಲೆ ಹಳ್ಳಿಹಳ್ಳಿಗೂ ಹಬ್ಬಿತು. ತಾನೇ ಶಾಲೆಯಲ್ಲಿ ಹೆಚ್ಚು ಕಾಲ ಕೂರದ ಮನುಷ್ಯ ಲಕ್ಷಾಂತರ ಮಕ್ಕಳ ಪಾಠದ ಭಾಷೆಗಾಗಿ ಊರೂರು ಸುತ್ತಿದರು. ಗುಂಡೂರಾಯರ ಸರಕಾರ ಮಣಿದು ಆಜ್ಞೆ ಹೊರಡಿಸಿತು.

ಇಲ್ಲಿ ಒಂದು ಮಾತು ಆಡದೆ ನಾವು ಮುಂದೆ ಹೋಗಲಾರೆವು. ಕರ್ನಾಟಕದೊಳಗೆ ಉರ್ದು, ತಮಿಳು, ಮರಾಠಿ ಮನೆಮಾತಿನ ಮಕ್ಕಳೂ ಇದ್ದರು. ತಾಳವಾಡಿಯ ಕನ್ನಡ ಮಗು ಅಲ್ಲಿ ಯಾವ ಕಷ್ಟ ಪಡುತ್ತದೋ ಅದನ್ನೇ ಇವರು ಇಲ್ಲಿ ಪಡಬೇಕಾಗಿ ಬಂತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋದರು. ಕನ್ನಡವೊಂದನ್ನೇ ಪ್ರಥಮ ಭಾಷೆಯೆಂದು ಅವರ ಮಕ್ಕಳ ಮೇಲೆ ಹೇರುವಂತಿಲ್ಲವೆಂದು ಕರ್ನಾಟಕ ಹೈಕೋರ್ಟು 1989ರಲ್ಲಿ ತೀರ್ಪಿತ್ತಿತು. ಬೆಂಗಳೂರಿನ ನಮ್ಮ ಗೆಳೆಯರಲ್ಲಿ ಹಲವರಿಗೆ ಆ ತೀರ್ಪು ಕಹಿಯಾಯಿತು. ಗಡಿಯಾಚೆ ಕೂತ ನಮಗೆ ಅದನ್ನು ಅಷ್ಟು ಸುಲಭದಲ್ಲಿ ಬಯ್ಯಲು ಬಾಯಿ ಬರುವುದಿಲ್ಲ.

ರಾಜಕುಮಾರ್ ಹುಟ್ಟೂರನ್ನು ಕೊನೆಯವರೆಗೂ ಬಿಡಲಿಲ್ಲ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಹೊತ್ತೊಯ್ದದ್ದೂ ಆ ಗಾಜನೂರಿನ ಮನೆಯಿಂದಲೇ. ಕಾಡಿನಿಂದ ಬಂದ ಬೇಡಿಕೆಗಳಲ್ಲಿ ಕರ್ನಾಟಕದ ಆಡಳಿತದಲ್ಲಿ ತಮಿಳಿಗೂ ಸ್ಥಾನ ಬೇಕೆಂಬುದೂ ಒಂದಾಗಿತ್ತು. 108 ದಿನಗಳ ಬಳಿಕ ಬಿಡುಗಡೆಯಾಯಿತು. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು, ಕಣ್ಣುಗಳನ್ನು ದಾನವಿತ್ತಿದ್ದರು.

ಅದೇ 2006ರಲ್ಲಿ ತಮಿಳುನಾಡು ತನ್ನ ತಮಿಳು ಕಲಿಕೆಯ ಕಾನೂನನ್ನು ತಂದಿತು. ಆ ಸಾಲಿನ ಒಂದನೆಯ ತರಗತಿಯಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯವರೆಗೆ ತಮಿಳು ಕಡ್ಡಾಯ. ಬೇರೆ ಮನೆಮಾತಿನ ಮಕ್ಕಳು ಹತ್ತನೆಯ ಪರೀಕ್ಷೆಯಲ್ಲಿ ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2017ರಲ್ಲಿ ಕೇರಳದ ಮಲೆಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ನಡೆದ ಪ್ರತಿಭಟನೆ ನಮ್ಮ ವಾಚಕರಿಗೆ ನೆನಪಿದ್ದೀತು.

ತಾಳವಾಡಿಯ ಬೆಟ್ಟಗಳಲ್ಲಿ ಸೋಲಿಗರೂ ಊರಾಳಿಗಳೂ ಇದ್ದಾರೆ. ಸೋಲಿಗರ ಮಗುವಿಗೆ ಮನೆಯಲ್ಲಿ ಸೋಲಿಗ ನುಡಿ, ಸಂತೆಯಲ್ಲಿ ಕನ್ನಡ, ಸರಕಾರದ ಕಾಗದದಲ್ಲಿ ತಮಿಳು. ಅಂಗನವಾಡಿಯ ಮೊದಲ ದಿನ ಅದು ಯಾವ ಮಾತಿನಲ್ಲಿ ನೀರು ಕೇಳಬೇಕೆಂಬುದನ್ನು ಈ ಯಾವ ಕಾನೂನೂ ಬರೆದಿಲ್ಲ.